‘ಹೊತ್ತಿ ಉರಿಯುವ ಗಡಿ’ (1927): ಈ ಜರ್ಮನ್ ಮೂಕಿ ಚಿತ್ರದಲ್ಲಿ ಗಡಿಯ ಜನ ಎಲ್ಲಿದ್ದಾರೆ?

ಹಳೇ ರೀಲು

ಮೂಕಿ ಸಿನಿಮಾ ಅಂದರೆ ಇಲ್ಲಿ ಮಾತು ಯಾವಾಗಲೂ ಚಾಪ್ಲಿನ್ ಹತ್ತಿರ ಹೋಗುತ್ತದೆ, ಇಲ್ಲವೇ ಫ್ರಿಟ್ಸ್ ಲಾಂಗ್ ಹತ್ತಿರ. ಅದೇ ಕಾಲದ ಜರ್ಮನಿಯಲ್ಲಿ ಇನ್ನೊಂದು ಬಗೆಯ ಚಿತ್ರಗಳೂ ಬರುತ್ತಿದ್ದವು. ಸಾಮಾನ್ಯ ಪ್ರೇಕ್ಷಕರಿಗಾಗಿ ಮಾಡಿದ, ಅಳಿಸುವ, ರೇಗಿಸುವ, ರಾಜಕೀಯ ತುಂಬಿದ ಕಥೆಗಳು. ಅಂಥ ಒಂದು ಚಿತ್ರ ‘ಬ್ರೆನ್ನೆಂಡೆ ಗ್ರೆಂಟ್ಸೆ’, ಹೊತ್ತಿ ಉರಿಯುವ ಗಡಿ. 1927ರದ್ದು. ನಿರ್ದೇಶಕ ಎರಿಕ್ ವಾಶ್ನೆಕ್. ಇಂಗ್ಲಿಷಿನಲ್ಲಿ ‘ಆಫ್ಟರ್‌ಮ್ಯಾತ್’ ಅಂತ ಕರೆದರು. ತಾರಾಗಣದಲ್ಲಿ ಓಲ್ಗಾ ಚೆಖೋವಾ, ಯೆನ್ನಿ ಹಾಸೆಲ್‌ಕ್ವಿಸ್ಟ್, ಹೂಬರ್ಟ್ ಫಾನ್ ಮೆಯೆರಿಂಕ್, ಓಸ್ಕರ್ ಹೊಮೊಲ್ಕಾ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿ ಮತ್ತು ಪೋಲೆಂಡ್ ನಡುವಿನ ಗಡಿಯಲ್ಲಿ ನಡೆದ ಹಿಂಸೆ ಇದರ ಹಿನ್ನೆಲೆ. ಹೊಮೊಲ್ಕಾ ಇದರಲ್ಲಿ ಬಂದೂಕು ಹಿಡಿದ ಗುಂಪೊಂದರ ನಾಯಕ.

ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಕಥೆಗಿಂತ ಜಾಸ್ತಿ ಇಸವಿ. ಗಡಿಯಲ್ಲಿ ಗುಂಡು ಹಾರಿದ್ದು 1918ರ ಕೊನೆಯಿಂದ 1921ರವರೆಗೆ. ಸಿನಿಮಾ ಬಂದಿದ್ದು 1927ರಲ್ಲಿ. ಆರು ವರ್ಷ ಆದ ಮೇಲೆ ಆ ಬೆಂಕಿಯನ್ನು ಮತ್ತೆ ಪರದೆ ಮೇಲೆ ತರಬೇಕು ಅಂತ ಯಾಕೆ ಅನ್ನಿಸಿತು?

1925ರ ಅಕ್ಟೋಬರಿನಲ್ಲಿ ಲೊಕಾರ್ನೊ ಒಪ್ಪಂದ ಆಯಿತು. ಅದರಲ್ಲಿ ಜರ್ಮನಿ ಪಶ್ಚಿಮದ ಗಡಿಯನ್ನು ಒಪ್ಪಿಕೊಂಡಿತು. ಫ್ರಾನ್ಸ್, ಬೆಲ್ಜಿಯಂ ಕಡೆಯದು ಇನ್ನು ಬದಲಾಗುವುದಿಲ್ಲ ಅಂತ ಮಾತು ಕೊಟ್ಟಿತು. ಪೂರ್ವದ ಗಡಿಗೆ ಮಾತ್ರ ಅಂಥ ಮಾತು ಕೊಡಲಿಲ್ಲ. ಅಂದರೆ ಪೋಲೆಂಡ್ ಜೊತೆಗಿನ ಗಡಿ ಇನ್ನೂ ಇತ್ಯರ್ಥವಾಗಿಲ್ಲ ಅಂತ ಬರ್ಲಿನ್ ಬಹಿರಂಗವಾಗಿಯೇ ಇಟ್ಟುಕೊಂಡಿತ್ತು. ಅದೇ 1925ರಲ್ಲಿ ಎರಡೂ ದೇಶಗಳ ನಡುವೆ ಸುಂಕದ ಜಗಳ ಶುರುವಾಯಿತು. ಮೂಲ ಕಾರಣ ಕಲ್ಲಿದ್ದಲು. ಮೇಲ್ ಸೈಲೀಸಿಯಾ ಅನ್ನುವ ಗಡಿಯ ಗಣಿ ಸೀಮೆಯಲ್ಲಿ ಪೋಲೆಂಡಿಗೆ ಹೋದ ಭಾಗದ ಕಲ್ಲಿದ್ದಲನ್ನು ಮೂರು ವರ್ಷ ಸುಂಕ ಇಲ್ಲದೆ ತಗೋಬೇಕು ಅಂತ ಜರ್ಮನಿಗೆ ಕಟ್ಟುಪಾಡು ಇತ್ತು, ಆ ಗಡುವು ಆ ವರ್ಷದ ಜೂನ್‌ನಲ್ಲಿ ಮುಗಿಯಿತು, ಆಮೇಲೆ ಶುರುವಾದ ಜಗಳ 1934ರವರೆಗೂ ಎಳೆಯಿತು. ಹೀಗೆ ಪತ್ರಿಕೆಗಳಲ್ಲಿ ದಿನವೂ ಪೋಲೆಂಡ್ ಸುದ್ದಿಯೇ ಇರುವಾಗ ಗಡಿಯ ಚಿತ್ರ ಬರುತ್ತದೆ. ನನ್ನ ಮಟ್ಟಿಗೆ ಇದು 1919ರ ಬಗ್ಗೆ ಮಾಡಿದ ಚಿತ್ರ ಅಲ್ಲ, 1927ರ ಜರ್ಮನ್ ಪ್ರೇಕ್ಷಕನಿಗೆ ಅವನ ಸಿಟ್ಟನ್ನು ನೆನಪಿಸಲು ಮಾಡಿದ ಚಿತ್ರ.

ಇಂಥ ಚಿತ್ರಗಳಲ್ಲಿ ಗಡಿ ಅಂದರೆ ಒಂದು ದೊಡ್ಡ ಮನೆ, ಆ ಮನೆಯ ಮರ್ಯಾದಸ್ಥರು, ಹೊರಗಿನಿಂದ ನುಗ್ಗುವ ಗುಂಪು. ಅಲ್ಲೇ ಹುಟ್ಟಿ ಬೆಳೆದ ಗಣಿ ಕೂಲಿಗಳು, ಹೊಲದ ಆಳುಗಳು, ಮನೆಯಲ್ಲಿ ಒಂದು ಭಾಷೆ ಕೆಲಸದಲ್ಲಿ ಇನ್ನೊಂದು ಭಾಷೆ ಮಾತಾಡುತ್ತಿದ್ದ ಲಕ್ಷಾಂತರ ಜನ ಎಲ್ಲಿ? ಇದರ ಬಗ್ಗೆ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡಿದ್ದೇನೆ.

ಮಲೆನಾಡ ಹುಡುಗಿ

ಸರ್, ಒಂದು ಮೂಲ ಪ್ರಶ್ನೆ. ಯುದ್ಧ 1918ರ ನವೆಂಬರ್ 11ಕ್ಕೆ ಮುಗಿಯಿತು ಅಂತಲೇ ನಾವು ಓದಿದ್ದು. ಹಾಗಿದ್ದರೆ 1921ರವರೆಗೆ ಯಾರು ಯಾರ ಮೇಲೆ ಗುಂಡು ಹಾರಿಸುತ್ತಿದ್ದರು? ಸೈನ್ಯಗಳಾ, ಊರಿನವರಾ? ಯಾರಾದರೂ ಸ್ವಲ್ಪ ಬಿಡಿಸಿ ಹೇಳಿದರೆ ಸಿನಿಮಾದ ಬಗ್ಗೆ ಮಾತಾಡಲು ಸುಲಭ ಆಗುತ್ತದೆ.

ಇತಿಹಾಸದ ಮೇಷ್ಟ್ರು

ನಿಮ್ಮ ಪ್ರಶ್ನೆ ಸರಿಯಾಗಿದೆ ಮೇಡಂ. ಪಶ್ಚಿಮದಲ್ಲಿ ಬಂದೂಕು ನಿಂತಿತು, ಪೂರ್ವದಲ್ಲಿ ನಿಲ್ಲಲಿಲ್ಲ.

ನೂರಾರು ವರ್ಷ ಹಿಂದೆ ಹೋಗುವುದು ಬೇಡ. 1918ರಲ್ಲಿ ಪೋಲೆಂಡ್ ಮತ್ತೆ ದೇಶ ಆಯಿತು, ಆದರೆ ಅದರ ಗಡಿ ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ. ಡಿಸೆಂಬರ್ 26ಕ್ಕೆ ಪಿಯಾನೊ ವಾದಕ ಪಾಡೆರೆವ್ಸ್ಕಿ ಪೋಜ್ನಾನ್ ಊರಿಗೆ ಬಂದರು. ಆ ಊರು ಆಗಿನ್ನೂ ಜರ್ಮನರ ಕೈಯಲ್ಲಿತ್ತು, ಅವರ ಬಾಯಲ್ಲಿ ಪೋಸೆನ್. ಜನ ಬೀದಿಗೆ ಇಳಿದರು, ಮಾರನೆಯ ದಿನ ಗುಂಡು ಹಾರಿತು. ಫೆಬ್ರವರಿಯಲ್ಲಿ ಯುದ್ಧವಿರಾಮ ಆಗುವಷ್ಟರಲ್ಲಿ ಆ ಸೀಮೆ ಹೆಚ್ಚುಕಡಿಮೆ ಪೋಲರ ಕೈಗೆ ಬಂದಿತ್ತು. 1919ರ ಜೂನ್ 28ರ ವರ್ಸೇಲ್ಸ್ ಒಪ್ಪಂದ ಅದನ್ನು ಒಪ್ಪಿತು. ಡಾನ್‌ಸಿಗ್ ಬಂದರನ್ನು ಯಾರಿಗೂ ಕೊಡದೆ ಸ್ವತಂತ್ರ ನಗರ ಮಾಡಿತು, ಕೆಲವು ಕಡೆ ಜನರೇ ಮತ ಹಾಕಿ ನಿರ್ಧರಿಸಲಿ ಅಂದಿತು.

ಮತದಾನ ಎಲ್ಲ ಕಡೆ ಒಂದೇ ಥರ ಇರಲಿಲ್ಲ. ಪೂರ್ವ ಪ್ರಶ್ಯದ ಆಲೆನ್‌ಸ್ಟೈನ್ ಮತ್ತು ಮಾರಿಯನ್‌ವೆರ್ಡರ್ ಪ್ರದೇಶಗಳಲ್ಲಿ 1920ರ ಜುಲೈ 11ಕ್ಕೆ ಮತದಾನ ಆಯಿತು, ಎರಡೂ ಕಡೆ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಮತ ಜರ್ಮನಿಗೆ ಬಿತ್ತು, ವಿಷಯ ಮುಗಿಯಿತು. ಮುಗಿಯದೇ ಉರಿದದ್ದು ಮೇಲ್ ಸೈಲೀಸಿಯಾ. ಅಲ್ಲಿ ಕಲ್ಲಿದ್ದಲು, ಕಬ್ಬಿಣ, ಸತು ಎಲ್ಲ ಇತ್ತು. ಆಡಳಿತ ನೋಡಿಕೊಳ್ಳಲು ಫ್ರಾನ್ಸ್, ಬ್ರಿಟನ್, ಇಟಲಿ ಸೇರಿದ ಆಯೋಗ ಓಪೆಲ್ನ್ ಊರಿನಲ್ಲಿ ಕೂತಿತು. ಅದರ ಮುಖ್ಯಸ್ಥ ಫ್ರೆಂಚ್ ಜನರಲ್ ಆನ್ರಿ ಲ ರೋಂ. ಪೋಲಿಷ್ ಪರ ದಂಗೆ ಮೂರು ಸಲ ಆಯಿತು: ಆಯೋಗ ಬರುವ ಮೊದಲೇ 1919ರ ಆಗಸ್ಟ್‌ನಲ್ಲಿ, ಅವರ ಕಣ್ಣೆದುರೇ 1920ರ ಆಗಸ್ಟ್‌ನಲ್ಲಿ, ಆಮೇಲೆ ದೊಡ್ಡದು 1921ರ ಮೇ ತಿಂಗಳಲ್ಲಿ. ಆ ದೊಡ್ಡ ದಂಗೆಯ ನಾಯಕ ವೊಯ್ಚೆಖ್ ಕೊರ್ಫಾಂಟಿ. ಆತ ಒಬ್ಬ ಗಣಿ ಕೆಲಸಗಾರನ ಮಗ, 1903ರಲ್ಲೇ ಬರ್ಲಿನ್ ಸಂಸತ್ತಿಗೆ ಆಯ್ಕೆಯಾಗಿದ್ದವನು.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೋರಾಡಿದವರು ಹೆಚ್ಚಾಗಿ ಅಧಿಕೃತ ಸೈನ್ಯದವರಲ್ಲ. ಒಂದು ಕಡೆ ದಂಗೆ ಎದ್ದ ಗಣಿಯವರು, ರೈತರು, ಯುದ್ಧದಿಂದ ಮನೆಗೆ ಬಂದ ಸೈನಿಕರು. ಇನ್ನೊಂದು ಕಡೆ ಜರ್ಮನ್ ಆತ್ಮರಕ್ಷಣಾ ದಳ, ಜೊತೆಗೆ ದೂರದ ಬವೇರಿಯಾದಿಂದ ಬಂದ ಓಬರ್‌ಲಾಂಡ್‌ನಂಥ ಸ್ವಯಂಸೇವಕ ಪಡೆಗಳು. ಬಹಳ ಸಲ ಎರಡೂ ಕಡೆ ಒಂದೇ ಊರಿನವರು, ಒಂದೇ ಗಣಿಯವರು ಇದ್ದರು. ನಾಲ್ಕು ವರ್ಷ ಒಂದೇ ಜರ್ಮನ್ ಸಮವಸ್ತ್ರದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಕೂತಿದ್ದವರು ಮನೆಗೆ ಬಂದು ಎದುರುಬದುರಾದರು.

ಹಳೇ ರೀಲು

ಮೇಷ್ಟ್ರೇ, ಈ ಕೊನೆಯ ಸಾಲು ಇದೆಯಲ್ಲ, ಅದೇ ಒಂದು ಪೂರ್ತಿ ಸಿನಿಮಾ. 1927ರಲ್ಲಿ ಅದನ್ನು ಮಾಡುವ ಧೈರ್ಯ ಇದ್ದಿದ್ದರೆ!

ಮಾರ್ನಿಂಗ್ ಶೋ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದು ಮೆಲೊಡ್ರಾಮಾ. ಜನ ಚೆಖೋವಾ ಮುಖ ನೋಡಲು ಟಿಕೆಟ್ ತಗೊಂಡಿದ್ದರು, ಲೊಕಾರ್ನೊ ಓದಿಕೊಂಡು ಬಂದಿರಲಿಲ್ಲ. ದೊಡ್ಡ ಮನೆ, ನುಗ್ಗುವ ಗುಂಪು, ಎರಡು ಹೆಂಗಸರು, ಒಬ್ಬ ಒರಟ ನಾಯಕ, ಇದು ಯಾವ ದೇಶದ ಮೂಕಿ ಚಿತ್ರದಲ್ಲೂ ಸಿಗುತ್ತದೆ. ಇನ್ನೊಂದು ವಿಷಯ. ಆ ಗಡಿಯಿಂದ ಮನೆ ಮಠ ಬಿಟ್ಟು ಬಂದ ಜರ್ಮನರು ನಿಜಕ್ಕೂ ಇದ್ದರು. ಪೋಸೆನ್ ಮತ್ತು ಪಶ್ಚಿಮ ಪ್ರಶ್ಯದಿಂದ ಲಕ್ಷಗಟ್ಟಲೆ ಜನ ಹೊರಟು ಬಂದರು. ಅವರ ನೋವು ಸುಳ್ಳಾ? ಅವರು ತಮ್ಮ ಕಥೆ ತೆರೆ ಮೇಲೆ ನೋಡಬಾರದಾ? ಒಂದು ಕಡೆಯವರು ಕಥೆ ಹೇಳಿದ ಮಾತ್ರಕ್ಕೆ ಅದನ್ನು ಪ್ರಚಾರ ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆ ಇಲ್ಲ.

ಹಳೇ ರೀಲು

ಬೇಜಾರು ಯಾಕೆ, ಇಂಥ ಮಾತು ಬರಲಿ ಅಂತಲೇ ಬರೆದಿದ್ದು. ಬಿಟ್ಟು ಬಂದವರ ನೋವು ಸುಳ್ಳಲ್ಲ, ಅದನ್ನು ನಾನು ಎಲ್ಲೂ ಹೇಳುವುದಿಲ್ಲ.

ಆದರೆ ನೋವನ್ನು ಯಾರು ದುಡ್ಡು ಹಾಕಿ ತೋರಿಸುತ್ತಾರೆ ಅನ್ನುವುದೂ ಮುಖ್ಯ ಅಲ್ವಾ? ಒಂದು ಚಿತ್ರ ಬಿಡಿ, ಇಡೀ ಉದ್ಯಮದ ಗಾಳಿ ಆಗ ಎತ್ತ ಬೀಸುತ್ತಿತ್ತು ನೋಡಿ. ಜರ್ಮನಿಯ ಉಫಾ ಸಿನಿಮಾ ಕಂಪನಿ ಹುಟ್ಟಿದ್ದೇ 1917ರ ಡಿಸೆಂಬರಿನಲ್ಲಿ, ಯುದ್ಧದ ನಡುವೆ, ಸೇನೆಯ ಒತ್ತಾಸೆಯಿಂದ. 1925ರ ಹೊತ್ತಿಗೆ ಅದು ಸಾಲದಲ್ಲಿ ಮುಳುಗಿ ಅಮೆರಿಕದ ಪ್ಯಾರಮೌಂಟ್ ಮತ್ತು ಎಂಜಿಎಂ ಕೈಯಿಂದ ಸಾಲ ತಂದಿತು. 1927ರಲ್ಲಿ ಅದನ್ನು ಕೊಂಡವನು ಆಲ್ಫ್ರೆಡ್ ಹೂಗೆನ್‌ಬರ್ಗ್. ಪತ್ರಿಕೆಗಳ ಒಡೆಯ, ಕಟ್ಟಾ ರಾಷ್ಟ್ರವಾದಿ, ಮುಂದೆ 1933ರಲ್ಲಿ ಹಿಟ್ಲರನ ಮೊದಲ ಮಂತ್ರಿಮಂಡಲದಲ್ಲಿ ಸಚಿವ.

ಈ ಹೂಗೆನ್‌ಬರ್ಗ್ ಚಿಕ್ಕ ವಯಸ್ಸಿನಲ್ಲಿ ಎಲ್ಲಿ ಕೆಲಸ ಮಾಡಿದ್ದ ಗೊತ್ತಾ? 1890ರ ದಶಕದಲ್ಲಿ ಪೋಸೆನ್‌ನಲ್ಲಿ, ಪ್ರಶ್ಯನ್ ವಸಾಹತು ಆಯೋಗದಲ್ಲಿ. 1886ರಲ್ಲಿ ಬಿಸ್ಮಾರ್ಕ್ ಕಾಲದಲ್ಲಿ ಶುರುವಾದ ಆ ಆಯೋಗದ ಕೆಲಸ ಪೋಲಿಷ್ ಜಮೀನ್ದಾರರಿಂದ ಭೂಮಿ ಕೊಂಡು ಅಲ್ಲಿ ಜರ್ಮನ್ ರೈತರನ್ನು ಕೂರಿಸುವುದು. ಗಡಿಯ ನೆಲದಲ್ಲಿ ಯಾರು ಇರಬೇಕು ಅಂತ ಕಡತದಲ್ಲಿ ಬರೆಯುತ್ತಿದ್ದ ಮನುಷ್ಯನೇ ಮೂವತ್ತು ವರ್ಷದ ನಂತರ ದೇಶದ ಅತಿ ದೊಡ್ಡ ಸಿನಿಮಾ ಕಂಪನಿಯ ಮಾಲೀಕ. ಇದನ್ನು ತಿಳಿದ ಮೇಲೆ ನನಗೆ ಆ ದಶಕದ ಯಾವ ಗಡಿ ಚಿತ್ರವನ್ನೂ ಸುಮ್ನೆ ಒಂದು ಕಥೆ ಅಂತ ನೋಡಲು ಆಗುತ್ತಿಲ್ಲ.

ಕಾಟೊವಿಟ್ಸೆ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಕೆಲಸದ ಮೇಲೆ ಬಂದು ಪೋಲೆಂಡಿನ ಕಾಟೊವಿಟ್ಸೆಯಲ್ಲಿ ನೆಲೆಸಿದವನು, ನೀವು ಮಾತಾಡುತ್ತಿರುವ ಸೀಮೆಯ ನಡುವೆಯೇ ಇದ್ದೇನೆ. ಅದಕ್ಕೇ ಬರೆಯಬೇಕು ಅನ್ನಿಸಿತು.

ಮೇಲ್ ಸೈಲೀಸಿಯಾದ ಮತದಾನದ ಕಥೆ ಮೇಷ್ಟ್ರು ಅರ್ಧಕ್ಕೆ ಬಿಟ್ಟಿದ್ದಾರೆ, ಅದನ್ನು ಮುಂದುವರಿಸುತ್ತೇನೆ. 1921ರ ಮಾರ್ಚ್ 20, ಭಾನುವಾರ. ಹೆಚ್ಚುಕಡಿಮೆ ಪೂರ್ತಿ ಊರಿಗೆ ಊರೇ ಮತ ಹಾಕಿತು. ಜರ್ಮನಿಗೆ ಸುಮಾರು 7 ಲಕ್ಷ, ಪೋಲೆಂಡಿಗೆ ಸುಮಾರು 4 ಲಕ್ಷ 80 ಸಾವಿರ. ನೂರಕ್ಕೆ ಅರವತ್ತು, ನಲವತ್ತು ಅನ್ನಿ. ಈಗ ಇನ್ನೊಂದು ಲೆಕ್ಕ ಪಕ್ಕದಲ್ಲಿಡಿ. 1910ರ ಜನಗಣತಿಯಲ್ಲಿ ಈ ಸೀಮೆಯ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಮಾತು ಪೋಲಿಷ್ ಅಂತ ಬರೆಸಿದ್ದರು. ಅಂದರೆ ಮನೆಯಲ್ಲಿ ಪೋಲಿಷ್ ಮಾತಾಡುತ್ತಿದ್ದ ಬಹಳಷ್ಟು ಜನ ಜರ್ಮನಿಯಲ್ಲೇ ಇರುತ್ತೇವೆ ಅಂದರು. ಕೆಲಸದ ಭಯ, ಪಿಂಚಣಿ, ರಷ್ಯದ ಜೊತೆ ಆಗಷ್ಟೇ ಮುಗಿದಿದ್ದ ಪೋಲೆಂಡಿನ ಯುದ್ಧ, ಮನೆ ಮಗನನ್ನು ಆ ಸೈನ್ಯಕ್ಕೆ ಕರೆದಾರು ಅನ್ನುವ ಚಿಂತೆ, ಒಬ್ಬೊಬ್ಬರಿಗೆ ಒಂದೊಂದು ಕಾರಣ. ಭಾಷೆ ನೋಡಿ ಮತ ಊಹಿಸಲು ಆಗುವುದಿಲ್ಲ ಅಂತ ಈ ಊರು ತೋರಿಸಿಕೊಟ್ಟಿತು. ಇದರ ಜೊತೆಗೆ ಇಲ್ಲಿ ಹುಟ್ಟಿ ಜರ್ಮನಿಯ ಬೇರೆ ಕಡೆ ನೆಲೆಸಿದ್ದ ಸುಮಾರು 1 ಲಕ್ಷ 90 ಸಾವಿರ ಜನ ರೈಲು ಹತ್ತಿ ಬಂದು ಮತ ಹಾಕಿ ಹೋದರು. ಅದರ ಬಗ್ಗೆ ಇಲ್ಲಿನ ಹಿರಿಯರು ಈಗಲೂ ವಾದ ಮಾಡುತ್ತಾರೆ.

ಎರಡೂ ಕಡೆಯವರು ಮತಕ್ಕಾಗಿ ಏನೆಲ್ಲ ಕೊಡಲು ಬಂದರು ನೋಡಿ. ಪೋಲಿಷ್ ಸಂಸತ್ತು ಮತದಾನಕ್ಕೆ ಮೊದಲೇ, 1920ರ ಜುಲೈನಲ್ಲೇ, ಸೈಲೀಸಿಯಾಕ್ಕೆ ಸ್ವಾಯತ್ತತೆ ಕೊಡುವ ಕಾನೂನು ಮಾಡಿತು, ತಮ್ಮದೇ ಶಾಸನಸಭೆ ಇರುತ್ತದೆ ಅಂದಿತು. ಕೊರ್ಫಾಂಟಿ ಪೋಲೆಂಡಿಗೆ ಮತ ಹಾಕಿದ ಮನೆಗೆ ಹಸು ಕೊಡಿಸುತ್ತಾನೆ ಅಂತ ಮಾತು ಹಬ್ಬಿತ್ತು. ಜರ್ಮನ್ ಕಡೆಯವರು ಅದನ್ನೇ ಹಿಡಿದು ಅವನನ್ನು ಅಣಕಿಸಿದರು. ‘ಕೊರ್ಫಾಂಟಿಯ ಹಸು’ ಅಂದರೆ ಇಲ್ಲಿ ಇವತ್ತಿಗೂ ಜನಕ್ಕೆ ಅರ್ಥವಾಗುತ್ತದೆ.

ಫಲಿತಾಂಶ ಬಂದ ಮೇಲೆ ಗೆರೆ ಎಲ್ಲಿ ಎಳೆಯಬೇಕು ಅಂತ ಮಿತ್ರರಾಷ್ಟ್ರಗಳಲ್ಲೇ ಜಗಳ. ಮೇ ತಿಂಗಳ ದಂಗೆ ಅದಕ್ಕೇ ಎದ್ದಿದ್ದು. ಕೊನೆಗೆ ಅಕ್ಟೋಬರಿನಲ್ಲಿ ರಾಷ್ಟ್ರಸಂಘ (ವಿಶ್ವಸಂಸ್ಥೆಗಿಂತ ಮೊದಲಿದ್ದ ಲೀಗ್ ಆಫ್ ನೇಶನ್ಸ್) ತೀರ್ಪು ಕೊಟ್ಟಿತು. ನೆಲದ ಸುಮಾರು ಮೂರನೇ ಒಂದು ಪಾಲು ಪೋಲೆಂಡಿಗೆ, ಆದರೆ ಗಣಿ ಕಾರ್ಖಾನೆಗಳ ದೊಡ್ಡ ಪಾಲು ಅದರಲ್ಲೇ ಬಂತು. ಕಾಟೊವಿಟ್ಸೆ ಪಟ್ಟಣ ದೊಡ್ಡ ಬಹುಮತದಿಂದ ಜರ್ಮನಿಗೆ ಮತ ಹಾಕಿತ್ತು, ಹೋಗಿದ್ದು ಪೋಲೆಂಡಿಗೆ. ಸುತ್ತಲಿನ ಹಳ್ಳಿಗಳ ಲೆಕ್ಕ ಬೇರೆ ಇತ್ತು. ಪಕ್ಕದ ಬ್ಯೂತೆನ್, ಗ್ಲೈವಿಟ್ಸ್ ಜರ್ಮನಿಯಲ್ಲೇ ಉಳಿದವು. ಇವತ್ತು ನಾನು ಟ್ರಾಮ್ ಹತ್ತಿ ಒಂದೇ ಟಿಕೆಟಿನಲ್ಲಿ ಓಡಾಡುವ ಜಾಗಗಳ ನಡುವೆ ಆಗ ಎರಡು ದೇಶದ ಗಡಿ ಇತ್ತು. ಗೆರೆ ನೆಲದ ಮೇಲೆ ಮಾತ್ರ ಅಲ್ಲ, ನೆಲದಡಿಯ ಗಣಿಗಳಲ್ಲೂ ಹಾದುಹೋಯಿತು. ಮನೆ ಒಂದು ದೇಶದಲ್ಲಿ, ಕೆಲಸ ಇನ್ನೊಂದು ದೇಶದಲ್ಲಿ. ಅಂಥವರಿಗೆ ದಿನಾ ಗಡಿ ದಾಟಲು ಪ್ರತ್ಯೇಕ ಕಾರ್ಡು ಕೊಟ್ಟಿದ್ದರು.

ಹಳೇ ರೀಲು ಸರ್ ಕೇಳಿದ ‘ಗಡಿಯ ಜನ’ ಇವರೇ. ಬಂದೂಕು ಹಿಡಿದವರಿಗಿಂತ ಆ ಕಾರ್ಡು ಹಿಡಿದವರು ಎಷ್ಟೋ ಪಟ್ಟು ಜಾಸ್ತಿ.

ಮಲೆನಾಡ ಹುಡುಗಿ

ಥ್ಯಾಂಕ್ಸ್ ಸರ್. ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗಣಿಯೊಳಗೆ ಗಡಿ ಅನ್ನುವುದು ಕಲ್ಪಿಸಿಕೊಳ್ಳಲೂ ಕಷ್ಟ. ಇದನ್ನು ಯಾರೂ ಸಿನಿಮಾ ಮಾಡಲಿಲ್ಲವೇ?

ಹಳೇ ರೀಲು

ಮಾಡಿದರು, ಆದರೆ ಬೇರೆ ಗಡಿಯ ಮೇಲೆ. 1931ರಲ್ಲಿ ಜಿ. ಡಬ್ಲ್ಯು. ಪಾಬ್ಸ್ಟ್ ಅವರ ‘ಕಾಮೆರಾಡ್‌ಶಾಫ್ಟ್’ ಬಂತು. ಫ್ರಾನ್ಸ್–ಜರ್ಮನಿ ಗಡಿಯ ಗಣಿಯಲ್ಲಿ ಅಪಘಾತ ಆಗುತ್ತದೆ, ಜರ್ಮನ್ ಗಣಿಯವರು ಗಡಿ ದಾಟಿ ಹೋಗಿ ಫ್ರೆಂಚರನ್ನು ಕಾಪಾಡುತ್ತಾರೆ. 1906ರಲ್ಲಿ ಕೂರಿಯೆರ್ ಗಣಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಜರ್ಮನ್ ರಕ್ಷಣಾ ತಂಡ ನಿಜವಾಗಿ ಹೋಗಿತ್ತು, ಅದನ್ನೇ ಪಾಬ್ಸ್ಟ್ ಯುದ್ಧದ ನಂತರದ ಕಾಲಕ್ಕೆ ತಂದರು. ಅದು ಮಾತಿನ ಚಿತ್ರ, ಎರಡೂ ಭಾಷೆ ಅದರಲ್ಲಿ ಕೇಳುತ್ತದೆ. ನನಗೆ ತುಂಬಾ ಇಷ್ಟ. ಆದರೆ ಗಮನಿಸಿ, ಅದು ಲೊಕಾರ್ನೊದಲ್ಲಿ ಇತ್ಯರ್ಥವಾದ ಗಡಿ. ಪಶ್ಚಿಮದ ಬಗ್ಗೆ ಸ್ನೇಹದ ಚಿತ್ರ ಮಾಡಲು ಜಾಗ ಇತ್ತು. ಪೂರ್ವದ ಗಡಿಯ ಬಗ್ಗೆ ಅಂಥ ಮನಸ್ಸಿನ ಒಂದು ಚಿತ್ರ ಹೇಳಿ ಅಂದರೆ ನನ್ನ ಬಾಯಿಗೆ ಯಾವುದೂ ಬರುವುದಿಲ್ಲ.

ಶಾಂತಿ ಟಾಕೀಸ್

ನಾನು ನಟರ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಈ ಚಿತ್ರದಲ್ಲಿ ಅದೇ ದೊಡ್ಡ ವಿಷಯ ಅನ್ನಿಸುತ್ತದೆ.

ಓಲ್ಗಾ ಚೆಖೋವಾ ಹುಟ್ಟಿದ್ದು 1897ರಲ್ಲಿ ಅಲೆಕ್ಸಾಂದ್ರೊಪೋಲ್‌ನಲ್ಲಿ. ಅದು ಈಗಿನ ಅರ್ಮೇನಿಯಾದ ಗ್ಯುಮ್ರಿ, ಆಗ ರಷ್ಯನ್ ಸಾಮ್ರಾಜ್ಯ. ಮನೆತನದ ಮೂಲ ಜರ್ಮನ್. ನಾಟಕಕಾರ ಚೆಖೋವ್ ಅವರ ಹೆಂಡತಿ ಈಕೆಗೆ ಸೋದರತ್ತೆ, ಮದುವೆ ಆಗಿದ್ದು ಚೆಖೋವ್ ಅವರ ಅಣ್ಣನ ಮಗ ಮಿಖಾಯಿಲ್‌ನನ್ನು. ಕ್ರಾಂತಿ ಆದಮೇಲೆ ಜರ್ಮನಿಗೆ ಬಂದು, 1921ರಲ್ಲಿ ನಿರ್ದೇಶಕ ಮುರ್ನೌ ಅವರ ಚಿತ್ರದಲ್ಲಿ ಕಾಣಿಸಿಕೊಂಡರು. ಹಾಸೆಲ್‌ಕ್ವಿಸ್ಟ್ ಸ್ಟಾಕ್‌ಹೋಮಿನ ಬ್ಯಾಲೆ ನರ್ತಕಿ. ಹೊಮೊಲ್ಕಾ ವಿಯೆನ್ನಾದವರು, ಯುದ್ಧದಲ್ಲಿ ಆಸ್ಟ್ರಿಯಾ–ಹಂಗೇರಿ ಸೈನ್ಯದಲ್ಲಿ ಇದ್ದವರು. ಆ ಸೈನ್ಯದ ದೇಶವೇ 1918ರಲ್ಲಿ ಭೂಪಟದಿಂದ ಮಾಯವಾಯಿತು. ಮೆಯೆರಿಂಕ್ ಒಬ್ಬರೇ ಪಾಟ್ಸ್‌ಡಾಮ್‌ನ ಅಪ್ಪಟ ಪ್ರಶ್ಯನ್.

ಜರ್ಮನ್ ಗಡಿಯ ನೋವು ಹೇಳುವ ಚಿತ್ರಕ್ಕೆ ಮುಖ ಕೊಟ್ಟವರಲ್ಲಿ ಹೆಚ್ಚಿನವರು ಜರ್ಮನಿಯಲ್ಲಿ ಹುಟ್ಟಿದವರೇ ಅಲ್ಲ. ಮೂಕಿ ಚಿತ್ರದಲ್ಲಿ ಇದು ಸಾಧ್ಯವಾಗುತ್ತಿತ್ತು. ಉಚ್ಚಾರಣೆ ಯಾರಿಗೂ ಕೇಳುವುದಿಲ್ಲ. ಚೆಖೋವಾ ರಷ್ಯನ್ ಧಾಟಿಯಲ್ಲಿ ಜರ್ಮನ್ ಮಾತಾಡಿದರೂ ತೆರೆ ಮೇಲೆ ಜರ್ಮನ್ ಮನೆಯ ಹೆಂಗಸೇ. ಗಡಿಯ ಎರಡೂ ಬದಿಯ ಪಾತ್ರಗಳು ಒಂದೇ ಥರ ಮೌನ. ಪಾತ್ರ ಯಾವ ಕಡೆಯದು ಅಂತ ನಮಗೆ ಗೊತ್ತಾಗುವುದು ಬಟ್ಟೆ, ಟೋಪಿ, ನಿಲ್ಲುವ ರೀತಿ, ಕುಡಿಯುವ ರೀತಿ, ಕ್ಯಾಮೆರಾ ಅವರ ಮೇಲೆ ಬೆಳಕು ಹಾಕುವ ರೀತಿಯಿಂದ. ನಿಜವಾದ ಗಡಿಯಲ್ಲಿ ನೋಟದಿಂದ ಯಾರನ್ನೂ ಗುರುತಿಸಲು ಆಗುತ್ತಿರಲಿಲ್ಲ. ಸಿನಿಮಾಕ್ಕೆ ಗುರುತಿಸಲೇಬೇಕು. ಅದಕ್ಕೇ ಒರಟ, ಗಡ್ಡ ಬೆಳೆದ, ಕುಡುಕ ಗುಂಪು ಹುಟ್ಟುತ್ತದೆ.

ಮಾರ್ನಿಂಗ್ ಶೋ

ಶಾಂತಿ ಮೇಡಂ, ಈ ಮಾತಿಗೆ ನಾನು ಪೂರ್ತಿ ಒಪ್ಪುತ್ತೇನೆ. ಬೆಳಕಿನ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಆದರೂ ಹೊಮೊಲ್ಕಾ ಥರದ ನಟ ಒರಟನ ಪಾತ್ರಕ್ಕೂ ಒಂದು ತೂಕ ತರುತ್ತಾರೆ ಅಂತ ನನಗೆ ನಂಬಿಕೆ. ಅವರ ಆಮೇಲಿನ ಕೆಲಸ ನೋಡಿ. 1936ರಲ್ಲಿ ಹಿಚ್‌ಕಾಕ್ ‘ಸ್ಯಾಬೊಟಾಜ್’ ಚಿತ್ರದಲ್ಲಿ ಬಾಂಬ್ ಇಡುವವನ ಪಾತ್ರ ಕೊಟ್ಟರು, ಅಲ್ಲೂ ಅವರ ಮುಖ ನೋಡಿದರೆ ಸಿಟ್ಟಿನ ಜೊತೆ ಕನಿಕರವೂ ಬರುತ್ತದೆ.

ನಿರ್ದೇಶಕರ ಬಗ್ಗೆ ಯಾರೂ ಹೇಳಲಿಲ್ಲ. ವಾಶ್ನೆಕ್ ಮೊದಲು ಕ್ಯಾಮೆರಾಮನ್ ಆಗಿದ್ದವರು. 1932ರಲ್ಲಿ ದೋಣಿ ನಡೆಸುವ ಎಂಟು ಹುಡುಗಿಯರ ಬಗ್ಗೆ ಒಂದು ಚಿತ್ರ ಮಾಡಿದರು, ಹೆಸರು ‘ಆಖ್ಟ್ ಮೇಡೆಲ್ಸ್ ಇಮ್ ಬೋಟ್’. ದ್ವೇಷದ ಮನುಷ್ಯ ಅಂತ ಅನ್ನಿಸುವುದಿಲ್ಲ.

ಇತಿಹಾಸದ ಮೇಷ್ಟ್ರು

1940ರಲ್ಲಿ ‘ದಿ ರೋಥ್‌ಶಿಲ್ಡ್ಸ್’ ಮಾಡಿದವರೂ ಅದೇ ವಾಶ್ನೆಕ್. ಯಹೂದ್ಯರ ಮೇಲೆ ದ್ವೇಷ ಹುಟ್ಟಿಸಲೆಂದೇ ನಾಜಿ ಕಾಲದಲ್ಲಿ ತಯಾರಾದ ಚಿತ್ರ. ಇದನ್ನು ಬಿಟ್ಟು ಅವರ ಬಗ್ಗೆ ಮಾತಾಡಲು ಆಗುವುದಿಲ್ಲ.

ಮಾರ್ನಿಂಗ್ ಶೋ

ಗೊತ್ತು ಮೇಷ್ಟ್ರೇ. ಆದರೆ 1940ರ ಪಾಪವನ್ನು 1927ರ ಚಿತ್ರದ ಮೇಲೆ ಹೇರುವುದು ಸರಿಯಾ? ಆಗ ಮುಂದೇನು ಅಂತ ಯಾರಿಗೂ ಗೊತ್ತಿರಲಿಲ್ಲ.

ಇತಿಹಾಸದ ಮೇಷ್ಟ್ರು

ಹೇರುತ್ತಿಲ್ಲ. ನಾನು ಹೇಳುವುದು ಇಷ್ಟೇ: ಎದುರಿನವನನ್ನು ಗುಂಪಾಗಿ ತೋರಿಸುವ, ಒಬ್ಬ ಮನುಷ್ಯನಾಗಿ ತೋರಿಸದ ಅಭ್ಯಾಸ 1933ಕ್ಕೆ ಆಕಾಶದಿಂದ ಇಳಿಯಲಿಲ್ಲ. ಅದು ಇಪ್ಪತ್ತರ ದಶಕದಲ್ಲೇ ಥಿಯೇಟರುಗಳಲ್ಲಿ ರೂಢಿಯಾಗಿತ್ತು. ಪ್ರಜಾಪ್ರಭುತ್ವದ ಕಾಲದಲ್ಲೇ. 1920ರ ಮೇ ತಿಂಗಳ ಸಿನಿಮಾ ಕಾನೂನಿನ ಪ್ರಕಾರ ಬರ್ಲಿನ್ ಮತ್ತು ಮ್ಯೂನಿಕ್‌ನಲ್ಲಿ ಸೆನ್ಸಾರ್ ಮಂಡಳಿ ಇದ್ದವು. 1926ರಲ್ಲಿ ಅವರು ಸೋವಿಯತ್ ದೇಶದ ‘ಪೊಟೆಮ್ಕಿನ್’ ಚಿತ್ರಕ್ಕೆ ಕತ್ತರಿ ಹಾಕಿದರು, ದಂಗೆ ಏಳಿಸುತ್ತದೆ ಅಂತ. ಗಡಿಯಲ್ಲಿ ನೆರೆಯವನನ್ನು ರಾಕ್ಷಸನ ಥರ ತೋರಿಸಿದರೆ ಶಾಂತಿ ಕೆಡುತ್ತದೆ ಅನ್ನುವ ಭಯ ಅಷ್ಟು ಇರಲಿಲ್ಲ.

ಪೋಲೆಂಡ್ ಕಡೆಯೂ ಸಾಧುಗಳಲ್ಲ ಅಂತ ಸೇರಿಸಿಬಿಡುತ್ತೇನೆ. 1921ರಲ್ಲಿ ರಿಶಾರ್ಡ್ ಬೊಲೆಸ್ವಾವ್ಸ್ಕಿ ಅವರ ‘ಚುಡ್ ನಾಡ್ ವಿಸ್ವೌ’ ಬಂತು, ಸೋವಿಯತ್ ಸೈನ್ಯದ ಮೇಲಿನ ವಾರ್ಸಾ ಗೆಲುವಿನ ಬಗ್ಗೆ. ಅದರಲ್ಲೂ ಎದುರಿನವರು ಬರೀ ಶತ್ರುಗಳು. ಯುದ್ಧ ಆಗಷ್ಟೇ ಮುಗಿದಿತ್ತು, ಅರ್ಥವಾಗುತ್ತದೆ. ಆದರೂ ಒಂದು ವ್ಯತ್ಯಾಸ ಇದೆ. ಅವರು ಮುಗಿದ ಯುದ್ಧದ ಬಗ್ಗೆ ಸಿನಿಮಾ ಮಾಡಿದರು. ಜರ್ಮನ್ ಚಿತ್ರ ಮುಗಿದಿಲ್ಲ ಅಂತ ಹೇಳಲು ಮಾಡಿದ್ದು.

ಕಾಟೊವಿಟ್ಸೆ ಕನ್ನಡಿಗ

ಮುಗಿದಿಲ್ಲ ಅನ್ನುವ ಮಾತಿಗೆ ಒಂದು ಜಾಗ ತೋರಿಸುತ್ತೇನೆ. ಇಲ್ಲಿಂದ ವಾಯವ್ಯಕ್ಕೆ ಹೋದರೆ ಆನ್ನಾಬೆರ್ಗ್ ಗುಡ್ಡ ಸಿಗುತ್ತದೆ, ಈಗಿನ ಹೆಸರು ಗೂರಾ ಶ್ವೆಂಟೆಯ್ ಆನ್ನಿ. ಮೇಲೆ ಫ್ರಾನ್ಸಿಸ್ಕನ್ ಮಠ, ಜನ ಹರಕೆ ಹೊತ್ತು ಹತ್ತುವ ಜಾಗ. 1921ರ ಮೇ 21ರಂದು ಓಬರ್‌ಲಾಂಡ್ ಪಡೆ ಮತ್ತು ಜರ್ಮನ್ ಆತ್ಮರಕ್ಷಣಾ ದಳ ಈ ಗುಡ್ಡವನ್ನು ಪೋಲಿಷ್ ದಂಗೆಕೋರರ ಕೈಯಿಂದ ಕಿತ್ತುಕೊಂಡರು. ಅಲ್ಲಿಂದ ಅದು ಎರಡೂ ಕಡೆಗೆ ಪವಿತ್ರ ಯುದ್ಧಭೂಮಿ ಆಗಿಹೋಯಿತು. ನಾಜಿಗಳು ಅಲ್ಲಿ ಕಲ್ಲಿನ ದೊಡ್ಡ ಬಯಲು ರಂಗಮಂದಿರ ಕಟ್ಟಿದರು, ಸತ್ತ ತಮ್ಮವರಿಗೆ ಒಂದು ಸಮಾಧಿಭವನ ಎಬ್ಬಿಸಿದರು. 1945ರ ಯುದ್ಧ ಮುಗಿದ ಮೇಲೆ ಸಮಾಧಿಭವನವನ್ನು ಸ್ಫೋಟಿಸಿದರು. 1955ರಲ್ಲಿ ಅದೇ ಜಾಗದಲ್ಲಿ ಪೋಲೆಂಡಿನ ಶಿಲ್ಪಿ ಕ್ಸಾವೆರಿ ದುನಿಕೊವ್ಸ್ಕಿ ಮಾಡಿದ ದಂಗೆಯ ಸ್ಮಾರಕ ನಿಂತಿತು. ರಂಗಮಂದಿರ ಹಾಗೇ ಉಳಿದಿದೆ, ಕೆಳಗೆ ನಿಂತರೆ ಮೇಲೆ ಸ್ಮಾರಕ ಕಾಣುತ್ತದೆ. ಒಂದೇ ಗುಡ್ಡದ ಮೇಲೆ ಒಬ್ಬರ ನೆನಪನ್ನು ಒಡೆದು ಇನ್ನೊಬ್ಬರು ಕಟ್ಟಿದ್ದು. ಅಲ್ಲಿ ನಿಂತಾಗ ನನಗೆ ಸಿಟ್ಟೇ ಬಂತು, ಸುಳ್ಳು ಯಾಕೆ ಹೇಳಲಿ. ಹಳ್ಳಿಯ ಮುದುಕಿಯರು ಹರಕೆ ತೀರಿಸುವ ಗುಡ್ಡ ಅದು.

ಕೊರ್ಫಾಂಟಿಯ ಕೊನೆ ಏನಾಯಿತು ಅಂತಲೂ ಹೇಳಬೇಕು. ಯಾವ ದೇಶಕ್ಕಾಗಿ ಹೋರಾಡಿದನೋ ಅದೇ ಪೋಲೆಂಡಿನ ಸರ್ಕಾರ ಅವನನ್ನು ಜೈಲಿಗೆ ಹಾಕಿತು, ದೇಶ ಬಿಟ್ಟು ಹೋಗುವ ಹಾಗೆ ಮಾಡಿತು. 1939ರಲ್ಲಿ ವಾಪಸ್ ಬಂದಾಗ ಮತ್ತೆ ಬಂಧಿಸಿದರು. ಬಿಡುಗಡೆಯಾದ ಸ್ವಲ್ಪ ದಿನಕ್ಕೇ, ಆಗಸ್ಟಿನಲ್ಲಿ, ತೀರಿಕೊಂಡ. ಅದಾಗಿ ಎರಡು ವಾರದಲ್ಲಿ, ಆಗಸ್ಟ್ 31ರ ರಾತ್ರಿ, ಪಕ್ಕದ ಗ್ಲೈವಿಟ್ಸ್ ರೇಡಿಯೊ ಕೇಂದ್ರದ ಮೇಲೆ ನಾಜಿಗಳೇ ಪೋಲರ ವೇಷದಲ್ಲಿ ದಾಳಿ ಮಾಡಿ ಯುದ್ಧಕ್ಕೆ ನೆಪ ಮಾಡಿಕೊಂಡರು. ಮರದಲ್ಲಿ ಕಟ್ಟಿದ ಆ ಗೋಪುರ ಈಗಲೂ ನಿಂತಿದೆ. ಗಡಿಯಾಚೆಯಿಂದ ನುಗ್ಗುವ ಗುಂಪು ಅನ್ನುವ ಆ ಹಳೇ ಸಿನಿಮಾ ಕಥೆಯನ್ನೇ ಅವತ್ತು ನಿಜದಲ್ಲಿ ಆಡಿ ತೋರಿಸಿದರು.

ಹಳೇ ರೀಲು

ಈ ಕೊನೆಯ ಮಾತು ನನಗೆ ಹೊಳೆದಿರಲಿಲ್ಲ. ಹೌದು, ಜನ ಆ ದೃಶ್ಯವನ್ನು ಎಷ್ಟೋ ಸಲ ನೋಡಿದ್ದರು. ಹಾಗಾಗಿ ನಂಬಿಸುವುದು ಸುಲಭ ಇತ್ತು.

ವಕೀಲರ ಮಗ

ಇಷ್ಟು ಹೊತ್ತು ಓದುತ್ತಿದ್ದೆ, ಒಂದು ವಿಷಯ ಸೇರಿಸುತ್ತೇನೆ. ನೀವೆಲ್ಲ ಗಡಿ ಅಂದರೆ ಬರೀ ನೋವು ಅನ್ನುತ್ತಿದ್ದೀರಿ. ಆ ಗಡಿ ಕೆಲವರ ಜೀವನವನ್ನೂ ಉಳಿಸಿತು.

1922ರ ಮೇ 15ಕ್ಕೆ ಜರ್ಮನಿ ಮತ್ತು ಪೋಲೆಂಡ್ ಜಿನೀವಾದಲ್ಲಿ ಮೇಲ್ ಸೈಲೀಸಿಯಾದ ಬಗ್ಗೆ ಒಂದು ಒಪ್ಪಂದ ಮಾಡಿಕೊಂಡವು. ಅವಧಿ 15 ವರ್ಷ. ಎರಡೂ ಕಡೆಯ ಅಲ್ಪಸಂಖ್ಯಾತರಿಗೆ ಶಾಲೆ, ಭಾಷೆ, ಕೆಲಸದ ಹಕ್ಕು. ದೂರು ಇದ್ದರೆ ಸಾಮಾನ್ಯ ಮನುಷ್ಯನೂ ನೇರ ರಾಷ್ಟ್ರಸಂಘಕ್ಕೆ ಅರ್ಜಿ ಹಾಕಬಹುದು. ಅಲ್ಲಿನ ಮಿಶ್ರ ಆಯೋಗದ ಅಧ್ಯಕ್ಷ ಸ್ವಿಟ್ಜರ್ಲೆಂಡಿನ ಮಾಜಿ ಅಧ್ಯಕ್ಷ ಫೆಲಿಕ್ಸ್ ಕಲೊಂಡರ್.

1933ರಲ್ಲಿ ಹಿಟ್ಲರ್ ಬಂದ. ಗ್ಲೈವಿಟ್ಸ್‌ನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಫ್ರಾಂಟ್ಸ್ ಬೆರ್ನ್‌ಹೈಮ್ ಅನ್ನುವವರನ್ನು ಯಹೂದಿ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆದರು. ಬೆರ್ನ್‌ಹೈಮ್ ಆ ಒಪ್ಪಂದದ ಆಧಾರದ ಮೇಲೆ ರಾಷ್ಟ್ರಸಂಘಕ್ಕೆ ಅರ್ಜಿ ಕೊಟ್ಟರು. ಆ ವರ್ಷ ಅದು ಗೆದ್ದಿತು. ಅದರಿಂದ ಜರ್ಮನಿಯ ಇಡೀ ನೆಲದಲ್ಲಿ ಮೇಲ್ ಸೈಲೀಸಿಯಾದಲ್ಲಿ ಮಾತ್ರ ಯಹೂದಿ ವಿರೋಧಿ ಕಾನೂನುಗಳನ್ನು ಪಕ್ಕಕ್ಕಿಡಬೇಕಾಯಿತು. ವಕೀಲರು, ವೈದ್ಯರು ಕೆಲಸಕ್ಕೆ ವಾಪಸ್ ಹೋದರು. ಇದು 1937ರ ಜುಲೈ 15ಕ್ಕೆ ಒಪ್ಪಂದದ ಗಡುವು ಮುಗಿಯುವವರೆಗೂ ನಡೆಯಿತು. ಆ ನಾಲ್ಕು ವರ್ಷದಲ್ಲಿ ಎಷ್ಟು ಜನಕ್ಕೆ ಬೇರೆ ದೇಶಕ್ಕೆ ಹೋಗಲು, ಮನೆ ಮಾರಲು, ಮಕ್ಕಳನ್ನು ಕಳಿಸಲು ಸಮಯ ಸಿಕ್ಕಿತು ಯೋಚಿಸಿ. ಮೂರು ದಂಗೆ, ಒಂದು ಮತದಾನ, ಯಾರಿಗೂ ಪೂರ್ತಿ ಇಷ್ಟವಾಗದ ಒಂದು ಗೆರೆ, ಇವೆಲ್ಲದರಿಂದ ಹುಟ್ಟಿದ ಕಾಗದ ಅದು. ಆ ಕಥೆಯಲ್ಲೂ ಒಂದು ನಾಟಕ ಇದೆ. ಯಾರಾದರೂ ಬರೆಯಬೇಕು.

ಮಾರ್ನಿಂಗ್ ಶೋ

ಇದು ನನಗೆ ಗೊತ್ತೇ ಇರಲಿಲ್ಲ. ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಹಳೇ ರೀಲು ಅವರಿಗೆ ಒಂದು ಮಾತು. ನಿಮ್ಮ ಮೊದಲ ವಾದಕ್ಕೆ ನಾನು ಈಗಲೂ ಅರ್ಧವೇ ಒಪ್ಪುತ್ತೇನೆ. 1927ರ ಸಿಟ್ಟು ಅದರಲ್ಲಿದೆ, ಸರಿ. ಆದರೆ ಚೆಖೋವಾ ಥರ ತನ್ನ ದೇಶ ಬಿಟ್ಟು ಬಂದ ಹೆಂಗಸು ಮನೆ ಉಳಿಸಿಕೊಳ್ಳಲು ಒದ್ದಾಡುವ ಪಾತ್ರ ಮಾಡಿದರೆ ಅದು ಬರೀ ರಾಜಕೀಯ ಆಗಿ ಉಳಿಯುವುದಿಲ್ಲ. ಆಕೆಗೆ ಆ ಭಯ ನಿಜವಾಗಿ ಗೊತ್ತಿತ್ತು.

ಹಳೇ ರೀಲು

ಆ ಅರ್ಧವನ್ನು ನಾನು ಬಿಟ್ಟುಕೊಡುತ್ತೇನೆ. ನಟರ ಮುಖ ಕೆಲವು ಸಲ ಚಿತ್ರದ ಉದ್ದೇಶಕ್ಕಿಂತ ಪ್ರಾಮಾಣಿಕ.

ಇನ್ನು ಮುಂದೆ ಯಾರಾದರೂ ಈ ಕಾಲದ ಗಡಿ ಚಿತ್ರ ನೋಡುವುದಿದ್ದರೆ ಎರಡು ಮಾತು. ಒಂದು, ವೇಗ ನೋಡಿಕೊಳ್ಳಿ. ಇಪ್ಪತ್ತರ ದಶಕದ ಚಿತ್ರಗಳನ್ನು ಸೆಕೆಂಡಿಗೆ 24 ಚೌಕಟ್ಟಿನಲ್ಲಿ ಓಡಿಸಿದರೆ ಬಹಳ ಸಲ ಜನ ಕುಣಿದಂತೆ ಕಾಣುತ್ತಾರೆ, ಗಂಭೀರ ದೃಶ್ಯವೂ ಹಾಳಾಗುತ್ತದೆ. ಎರಡು, ಮೇಲೆ ಯಾವುದೋ ಯುದ್ಧದ ಬ್ಯಾಂಡ್ ಸಂಗೀತ ಅಂಟಿಸಿದ್ದರೆ ಧ್ವನಿ ತೆಗೆದು ನೋಡಿ. ಸಂಗೀತವೇ ನಿಮ್ಮನ್ನು ಒಂದು ಕಡೆಗೆ ತಳ್ಳಿಬಿಡುತ್ತದೆ. ಗುಂಪಿನ ದೃಶ್ಯ ಬಂದಾಗ ನಿಲ್ಲಿಸಿ ಹಿಂದಿನ ಸಾಲಿನ ಮುಖಗಳನ್ನು ನೋಡಿ, ಅವರು ಸ್ಟುಡಿಯೊಗೆ ದಿನಗೂಲಿಗೆ ಬಂದ ಎಕ್ಸ್‌ಟ್ರಾಗಳು.

ಕಾಟೊವಿಟ್ಸೆ ಕನ್ನಡಿಗರೇ, ನಿಮ್ಮ ಊರಿನ ಸೈಲೀಸಿಯಾ ಮ್ಯೂಸಿಯಂ ಹಳೇ ಗಣಿಯ ಜಾಗದಲ್ಲೇ ನೆಲದಡಿ ಇದೆ ಅಲ್ವಾ? ಒಂದು ಸಲ ಹೋದಾಗ ಆ ಗಡಿ ದಾಟುವ ಕಾರ್ಡು ಅಲ್ಲಿ ಇಟ್ಟಿದ್ದಾರಾ ನೋಡಿ ಹೇಳಿ. ಯಾವ ಭಾಷೆಯಲ್ಲಿ ಅಚ್ಚು ಹಾಕಿದ್ದರು, ಫೋಟೊ ಇತ್ತಾ, ಎಷ್ಟು ದಿನಕ್ಕೆ ಕೊಡುತ್ತಿದ್ದರು, ಇದೆಲ್ಲ ತಿಳಿಯುವ ಆಸೆ ಇದೆ.

ಕಾಟೊವಿಟ್ಸೆ ಕನ್ನಡಿಗ

ಹೌದು ಸರ್, ಅದೇ ಜಾಗ. ಮೇಲೆ ಗಣಿಯ ಹಳೇ ಗೋಪುರ, ಪ್ರದರ್ಶನ ಎಲ್ಲ ನೆಲದಡಿ. ಈ ಶನಿವಾರ ರಜೆ ಇದೆ, ಹೋಗಿ ನೋಡಿ ಇಲ್ಲೇ ಬರೆಯುತ್ತೇನೆ.